ಒಂದೇ ಪ್ರೋಗ್ರಾಂ, ನೂರಾರು ಯಂತ್ರ: ಗ್ಯಾರಿ ಕಿಲ್ಡಾಲ್ ತೋರಿಸಿದ ದಾರಿ ಮತ್ತು ಅದೇ ದಾರಿಯಲ್ಲಿ ಕಳೆದುಕೊಂಡ ಸಾಮ್ರಾಜ್ಯ

ಪುಣೆಯ ಹಿಂಜೆವಾಡಿಯಲ್ಲೋ ಹೈದರಾಬಾದಿನ ಹೈಟೆಕ್ ಸಿಟಿಯಲ್ಲೋ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ಇದು ದಿನನಿತ್ಯದ ಪಾಡು. ಪ್ರೋಗ್ರಾಂ ಬರೆದು ಮುಗಿಸಿದರೆ ಕೆಲಸ ಮುಗಿಯುವುದಿಲ್ಲ. ಅದನ್ನು ವಿಂಡೋಸ್‌ಗೆ ಒಂದು ಬಗೆಯಲ್ಲಿ, ಲಿನಕ್ಸ್‌ಗೆ ಇನ್ನೊಂದು ಬಗೆಯಲ್ಲಿ, ಮ್ಯಾಕ್‌ಗೆ ಮತ್ತೊಂದು ಬಗೆಯಲ್ಲಿ ಬಿಲ್ಡ್ ಮಾಡಬೇಕು. ಮೊಬೈಲ್ ಆ್ಯಪ್ ಆದರೆ ಆಂಡ್ರಾಯ್ಡ್‌ಗೆ ಬೇರೆ, ಐಫೋನ್‌ಗೆ ಬೇರೆ. ಆದರೂ ಯಾರೂ ಪ್ರತಿ ಸಿಸ್ಟಮ್‌ಗೂ ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆಯುವುದಿಲ್ಲ. ಹೆಚ್ಚಿನ ಭಾಗ ಎಲ್ಲರಿಗೂ ಒಂದೇ. ಸಿಸ್ಟಮ್‌ನಿಂದ ಸಿಸ್ಟಮ್‌ಗೆ ಬದಲಾಗುವ ಸ್ವಲ್ಪ ಭಾಗವನ್ನು ಮಾತ್ರ ಬೇರೆ ಫೈಲ್‌ಗಳಲ್ಲಿ ಇಟ್ಟಿರುತ್ತಾರೆ. ಯಾವ ಸಿಸ್ಟಮ್‌ಗೆ ಯಾವ ಫೈಲ್ ಸೇರಬೇಕು ಎಂಬುದನ್ನು ಕಾನ್ಫಿಗರೇಶನ್ ಹೇಳುತ್ತದೆ.

ಈಗ ಇದು ಕಾಲೇಜಿನಲ್ಲೇ ಕಲಿಸುವ ಸಾಮಾನ್ಯ ಪಾಠ. ಆದರೆ ಮೇಜಿನ ಮೇಲೆ ಇಡಬಹುದಾದ ಪುಟ್ಟ ಕಂಪ್ಯೂಟರ್‌ಗಳು ಆಗತಾನೇ ಹುಟ್ಟಿದ್ದ ಕಾಲದಲ್ಲಿ ಒಂದು ಕಂಪನಿಯ ಯಂತ್ರಕ್ಕೆ ಬರೆದ ಪ್ರೋಗ್ರಾಂ ಪಕ್ಕದ ಕಂಪನಿಯ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಆ ಗೋಡೆಯನ್ನು ಒಡೆದವರು ಅಮೆರಿಕದ ಗ್ಯಾರಿ ಕಿಲ್ಡಾಲ್. ಬಹಳಷ್ಟು ಜನರಿಗೆ ಅವರು ಗೊತ್ತಿರುವುದು ಐಬಿಎಂ ಕಂಪನಿಯ ದೊಡ್ಡ ಗುತ್ತಿಗೆಯನ್ನು ಬಿಲ್ ಗೇಟ್ಸ್‌ಗೆ ಬಿಟ್ಟುಕೊಟ್ಟ ವ್ಯಕ್ತಿಯಾಗಿ. ಅವರ ಬದುಕಿನ ದೊಡ್ಡ ಕೆಲಸ ಆ ಕಥೆಯ ನೆರಳಿನಲ್ಲಿ ಉಳಿದುಹೋಗಿದೆ.

ನಾವಿಕರ ಶಾಲೆಯ ಹುಡುಗ

ಗ್ಯಾರಿ ಆರ್ಲೆನ್ ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ವಾಯವ್ಯ ಕರಾವಳಿಯ ಸಿಯಾಟಲ್ ನಗರದಲ್ಲಿ. ಮನೆತನದ ಕಸುಬು ಹಡಗು ನಡೆಸುವ ವಿದ್ಯೆಯನ್ನು ಕಲಿಸುವುದು. ಅಜ್ಜ ಆರಂಭಿಸಿದ್ದ ನೌಕಾ ಶಾಲೆಯಲ್ಲಿ ತಂದೆ ಜೋಸೆಫ್ ಪಾಠ ಮಾಡುತ್ತಿದ್ದರು. ಸಮುದ್ರದ ನಡುವೆ ಹಡಗು ಎಲ್ಲಿದೆ ಎಂದು ಲೆಕ್ಕ ಹಾಕಿ ಕಂಡುಹಿಡಿಯುವುದು ಅಲ್ಲಿನ ಮುಖ್ಯ ಪಾಠ.

ಶಾಲೆಯಲ್ಲಿ ಗ್ಯಾರಿ ಬುದ್ಧಿವಂತ ವಿದ್ಯಾರ್ಥಿ ಎನಿಸಿಕೊಂಡವರಲ್ಲ. ಅಂಕಗಳು ಕಡಿಮೆ, ಆಸಕ್ತಿಯೆಲ್ಲ ಕಾರು ಮತ್ತು ಯಂತ್ರಗಳ ಮೇಲೆ. ಹೈಸ್ಕೂಲ್ ಮುಗಿದ ಮೇಲೆ ಮನೆಯ ಶಾಲೆಯಲ್ಲೇ ಪಾಠ ಮಾಡತೊಡಗಿದಾಗ ಗಣಿತದ ರುಚಿ ಹತ್ತಿತು. ಗಣಿತದ ಮೇಷ್ಟ್ರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದರು. 1963ರಲ್ಲಿ ಹೈಸ್ಕೂಲಿನ ಗೆಳತಿ ಡೊರೊತಿ ಮೆಕ್‌ಇವೆನ್ ಅವರನ್ನು ಮದುವೆಯಾದರು. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಕಣ್ಣಿಗೆ ಬಿದ್ದ ಮೇಲೆ ಮೇಷ್ಟ್ರ ಕನಸು ದಿಕ್ಕು ಬದಲಿಸಿತು.

ಅದು ವಿಯೆಟ್ನಾಂ ಯುದ್ಧದ ಕಾಲ. ನೌಕಾಪಡೆಯ ಸೇವೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಯುದ್ಧನೌಕೆ ಹತ್ತುವುದು ಅಥವಾ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಮಾಡುವುದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಸಿಕ್ಕಿತು. ಕಿಲ್ಡಾಲ್ ಪಾಠವನ್ನೇ ಆರಿಸಿಕೊಂಡರು. 1972ರಲ್ಲಿ ಪಿಎಚ್‌ಡಿ ಮುಗಿಸಿದರು.

ದೊಡ್ಡ ಯಂತ್ರದಲ್ಲಿ ಕುಳಿತು ಪುಟ್ಟ ಯಂತ್ರಕ್ಕೆ ಬರೆದರು

1971ರ ಕೊನೆಯಲ್ಲಿ ಇಂಟೆಲ್ ಕಂಪನಿ 4004 ಎಂಬ ಬೆರಳ ತುದಿಯಷ್ಟು ಚಿಕ್ಕ ಚಿಪ್ ಬಿಡುಗಡೆ ಮಾಡಿತು. ಇಡೀ ಪ್ರೊಸೆಸರ್ ಒಂದೇ ಚಿಪ್‌ನಲ್ಲಿ. ಕಿಲ್ಡಾಲ್ ಅದನ್ನು ಕೊಂಡುಕೊಂಡರು. ತಲೆಯಲ್ಲಿದ್ದದ್ದು ತಂದೆಯ ಹಳೆಯ ಆಸೆ: ನಾವಿಕರ ತ್ರಿಕೋನಮಿತಿಯ ಲೆಕ್ಕಗಳನ್ನು ತಾನಾಗಿ ಮಾಡುವ ಒಂದು ಪುಟ್ಟ ಪೆಟ್ಟಿಗೆ.

ಆದರೆ ಚಿಪ್ ಒಂದಿದ್ದರೆ ಕಂಪ್ಯೂಟರ್ ಆಗುವುದಿಲ್ಲ. ಕೀಬೋರ್ಡ್ ಇಲ್ಲ, ಪರದೆ ಇಲ್ಲ, ಪ್ರೋಗ್ರಾಂ ಬರೆಯಲು ಜಾಗವೂ ಇಲ್ಲ. ಕಿಲ್ಡಾಲ್ ಒಂದು ಉಪಾಯ ಮಾಡಿದರು. ನೌಕಾ ಶಾಲೆಯಲ್ಲಿದ್ದ ಐಬಿಎಂನ ದೈತ್ಯ ಕಂಪ್ಯೂಟರ್‌ನಲ್ಲಿ 4004 ಚಿಪ್‌ನಂತೆಯೇ ನಟಿಸುವ ಪ್ರೋಗ್ರಾಂ ಒಂದನ್ನು ಬರೆದರು. ಪುಟ್ಟ ಚಿಪ್‌ಗೆ ಬೇಕಾದ ಸೂಚನೆಗಳನ್ನು ದೊಡ್ಡ ಯಂತ್ರದೊಳಗೇ ಬರೆದು, ಅಲ್ಲೇ ನಡೆಸಿ ನೋಡಿ, ತಪ್ಪು ತಿದ್ದಬಹುದಾಯಿತು. ಲ್ಯಾಪ್‌ಟಾಪ್‌ನಲ್ಲಿ ಕುಳಿತು ಮೊಬೈಲ್ ಆ್ಯಪ್ ಬರೆದು ಪರೀಕ್ಷಿಸುವವರು ಇಂದು ಮಾಡುತ್ತಿರುವುದೂ ಇದನ್ನೇ.

ಈ ಕೆಲಸ ಇಂಟೆಲ್‌ನ ಗಮನ ಸೆಳೆಯಿತು. ಪಾಠದ ಜತೆಗೆ ವಾರಕ್ಕೊಂದು ದಿನ ಅಲ್ಲಿ ಸಲಹೆಗಾರರಾಗಿ ದುಡಿಯತೊಡಗಿದರು. ಆಗ ಹುಟ್ಟಿದ್ದು ಪಿಎಲ್/ಎಂ ಎಂಬ ಪ್ರೋಗ್ರಾಮಿಂಗ್ ಭಾಷೆ. ಚಿಪ್‌ಗೆ ಅರ್ಥವಾಗುವ ಸಂಕೇತಗಳನ್ನು ಒಂದೊಂದಾಗಿ ಬರೆಯುವ ಕಷ್ಟ ತಪ್ಪಿಸಿ, ಮನುಷ್ಯರಿಗೆ ಓದಲು ಬರುವಂತೆ ಬರೆಯಲು ಅದು ನೆರವಾಯಿತು. ಅದರ ಕಂಪೈಲರ್ ಅನ್ನು ಕಿಲ್ಡಾಲ್ ಫೋರ್ಟ್ರಾನ್‌ನಲ್ಲಿ ಬರೆದರು. ಫೋರ್ಟ್ರಾನ್ ಇದ್ದ ದೊಡ್ಡ ಕಂಪ್ಯೂಟರ್‌ಗಳಲ್ಲಿ ಅದನ್ನು ನಡೆಸಿ, ಪುಟ್ಟ ಚಿಪ್‌ಗೆ ಬೇಕಾದ ಪ್ರೋಗ್ರಾಂ ತಯಾರಿಸಬಹುದಿತ್ತು.

1973ರಲ್ಲಿ ಅವರು ಪ್ರಕಟಿಸಿದ ಒಂದು ಸಂಶೋಧನಾ ಪ್ರಬಂಧ ಆ ಹೊತ್ತಿಗೆ ಪಂಡಿತರ ವಲಯದಲ್ಲೇ ಉಳಿಯಿತು. ಪ್ರೋಗ್ರಾಂ ಒಂದರೊಳಗೆ ಯಾವ ಮೌಲ್ಯ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಕ್ರಮಬದ್ಧವಾಗಿ ಪತ್ತೆಹಚ್ಚಿ, ಅನಗತ್ಯ ಕೆಲಸಗಳನ್ನು ಕಂಪೈಲರ್ ತಾನೇ ತೆಗೆದುಹಾಕುವ ವಿಧಾನ ಅದರಲ್ಲಿತ್ತು. ಕಂಪೈಲರ್ ಪಠ್ಯಪುಸ್ತಕಗಳಲ್ಲಿ ಆ ವಿಧಾನಕ್ಕೆ ಇಂದಿಗೂ ಕಿಲ್ಡಾಲ್ ಹೆಸರೇ ಇದೆ.

ಹಿತ್ತಲಿನ ಶೆಡ್‌ನಲ್ಲಿ ಹುಟ್ಟಿದ ಸಿಪಿ/ಎಂ

ಇಂಟೆಲ್ ಕೊಟ್ಟಿದ್ದ ಪರೀಕ್ಷಾ ಯಂತ್ರವೊಂದು ಕಿಲ್ಡಾಲ್ ಬಳಿ ಇತ್ತು. ಆದರೆ ಮಾಹಿತಿಯನ್ನು ರಂಧ್ರ ಕೊರೆದ ಕಾಗದದ ಪಟ್ಟಿಯಲ್ಲಿ ಉಳಿಸಬೇಕಿತ್ತು. ಅದು ಆಮೆಗಿಂತ ನಿಧಾನ. ಶುಗಾರ್ಟ್ ಕಂಪನಿಯಿಂದ ಅವರಿಗೆ ಎಂಟು ಇಂಚಿನ ಫ್ಲಾಪಿ ಡ್ರೈವ್ ಒಂದು ಸಿಕ್ಕಿತು. ಡ್ರೈವ್ ಬಂತು, ಅದನ್ನು ಚಿಪ್‌ಗೆ ಜೋಡಿಸುವ ಸರ್ಕ್ಯೂಟ್ ಇರಲಿಲ್ಲ. ಕಿಲ್ಡಾಲ್ ಕೈ ಹಾಕಿದರೂ ಕೆಲಸ ಆಗಲಿಲ್ಲ. ಕೊನೆಗೆ ವಿಶ್ವವಿದ್ಯಾಲಯದ ಗೆಳೆಯ ಜಾನ್ ಟೊರೋಡ್ ಆ ಸರ್ಕ್ಯೂಟ್ ಮಾಡಿಕೊಟ್ಟರು.

ಫ್ಲಾಪಿಯ ಮೇಲೆ ಫೈಲ್‌ಗಳನ್ನು ಬರೆದಿಡುವ, ಹುಡುಕುವ, ಅಳಿಸುವ ತಂತ್ರಾಂಶವನ್ನು ಕಿಲ್ಡಾಲ್ ತಾವೇ ಬರೆದರು. ಮಾಂಟೆರೆಯ ಪಕ್ಕದ ಪೆಸಿಫಿಕ್ ಗ್ರೋವ್ ಎಂಬ ಕಡಲತೀರದ ಊರಿನಲ್ಲಿ, ಮನೆಯ ಹಿತ್ತಲಿನ ಶೆಡ್‌ನಲ್ಲಿ, 1974ರಲ್ಲಿ ಅದು ಮೊದಲ ಬಾರಿಗೆ ಕೆಲಸ ಮಾಡಿತು. ಅದೇ ಸಿಪಿ/ಎಂ, ಮೈಕ್ರೋ ಕಂಪ್ಯೂಟರ್‌ಗಳ ಮೊದಲ ಜನಪ್ರಿಯ ಆಪರೇಟಿಂಗ್ ಸಿಸ್ಟಮ್.

ಇಂಟೆಲ್ ಇದರಲ್ಲಿ ಆಸಕ್ತಿ ತೋರಲಿಲ್ಲ. ಹಾಗಾಗಿ ಕಿಲ್ಡಾಲ್ ದಂಪತಿ ತಾವೇ ಕಂಪನಿ ತೆರೆದರು. ಆರಂಭದ ಹೆಸರು ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್. ಗೆಲಾಕ್ಸಿಗಳನ್ನೇ ದಾಟುವ ಆ ದೊಡ್ಡ ಹೆಸರು ಮುಂದೆ ಡಿಜಿಟಲ್ ರಿಸರ್ಚ್ ಎಂದು ಚಿಕ್ಕದಾಯಿತು. ವ್ಯವಹಾರದ ಹೊಣೆ ಡೊರೊತಿ ಅವರದು, ಪ್ರೋಗ್ರಾಂ ಬರೆಯುವುದು ಗ್ಯಾರಿ ಅವರದು. ಪತ್ರಿಕೆಯ ಜಾಹೀರಾತು ನೋಡಿದ ಹವ್ಯಾಸಿಗಳು 70 ಡಾಲರ್ ಕಳುಹಿಸಿ ಸಿಪಿ/ಎಂ ತರಿಸಿಕೊಳ್ಳಬಹುದಿತ್ತು.

ಪ್ರತಿ ಯಂತ್ರಕ್ಕೂ ಹೊಸ ತಲೆನೋವು

1975ರ ನಂತರ ಅಮೆರಿಕದಲ್ಲಿ ಪುಟ್ಟ ಕಂಪ್ಯೂಟರ್ ಕಂಪನಿಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಅವರಲ್ಲಿ ಹಲವರು ಬಳಸಿದ್ದು ಇಂಟೆಲ್ 8080 ಅಥವಾ ಅದಕ್ಕೆ ಹೊಂದುವ ಚಿಪ್. ಒಳಗಿನ ಮೆದುಳು ಒಂದೇ, ಸುತ್ತಲಿನ ಸಾಮಾನು ಮಾತ್ರ ಒಬ್ಬೊಬ್ಬರದು ಒಂದೊಂದು ರೀತಿ. ಫ್ಲಾಪಿ ನಿಯಂತ್ರಿಸುವ ಸರ್ಕ್ಯೂಟ್ ಬೇರೆ, ಕೀಬೋರ್ಡ್‌ನಿಂದ ಅಕ್ಷರ ಬರುವ ದಾರಿ ಬೇರೆ, ಮೆಮೊರಿಯ ಅಳತೆ ಬೇರೆ.

ಇದರಿಂದ ಪೆಟ್ಟು ತಿಂದವರು ಕಿಲ್ಡಾಲ್. ಹೊಸ ಗ್ರಾಹಕ ಬಂದಾಗಲೆಲ್ಲ ಸಿಪಿ/ಎಂನೊಳಗೆ ಹೊಕ್ಕು, ಫ್ಲಾಪಿಗೆ ಸಂಬಂಧಿಸಿದ ಸಾಲುಗಳನ್ನು ಹುಡುಕಿ, ಆ ಯಂತ್ರಕ್ಕೆ ಒಗ್ಗುವಂತೆ ತಿದ್ದಬೇಕಿತ್ತು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುವ ಭಯ. ಹತ್ತು ಗ್ರಾಹಕರಿದ್ದರೆ ಹತ್ತು ಬೇರೆ ಬೇರೆ ಸಿಪಿ/ಎಂಗಳನ್ನು ಸಾಕಬೇಕಾದ ಸ್ಥಿತಿ.

1976ರಲ್ಲಿ ಇಮ್ಸಾಯ್ ಕಂಪನಿ ತನ್ನ ಕಂಪ್ಯೂಟರ್‌ಗೆ ಸಿಪಿ/ಎಂ ಬೇಕೆಂದು ಕೇಳಿತು. ಅದರ ಪರವಾಗಿ ಬಂದವರು ಗ್ಲೆನ್ ಯೂವಿಂಗ್. ಮತ್ತೊಮ್ಮೆ ಇಡೀ ಸಿಸ್ಟಮ್ ತಿದ್ದಲು ಕಿಲ್ಡಾಲ್ ಅವರಿಗೆ ಮನಸ್ಸಿರಲಿಲ್ಲ. ಅವರು ಬೇರೆ ದಾರಿ ಹಿಡಿದರು. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಸಾಲುಗಳನ್ನೆಲ್ಲ ಸಿಪಿ/ಎಂನಿಂದ ಹೊರತೆಗೆದು ಒಂದೇ ಕಡೆ ಗುಡ್ಡೆ ಹಾಕಿದರು. ಆ ಭಾಗಕ್ಕೆ ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಮ್ ಎಂದು ಹೆಸರಿಟ್ಟರು. ಚಿಕ್ಕದಾಗಿ ಬಯೋಸ್. ಇಂದಿಗೂ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಕೇಳಿಬರುವ ಬಯೋಸ್ ಎಂಬ ಪದ ಅಲ್ಲಿಂದ ಬಂದದ್ದು.

ಬಯೋಸ್ ಕೆಲಸ ಮಾಡಿದ್ದು ಹೀಗೆ

ಹೊಸ ಏರ್ಪಾಡಿನಲ್ಲಿ ಸಿಪಿ/ಎಂಗೆ ಮೂರು ಭಾಗ. ಮೇಲಿನದು, ಬಳಕೆದಾರರು ಟೈಪ್ ಮಾಡಿದ ಆಜ್ಞೆಗಳನ್ನು ಓದುವ ಭಾಗ. ನಡುವಿನದು, ಫೈಲ್‌ಗಳ ಲೆಕ್ಕ ಇಡುವ ಭಾಗ. ಈ ಎರಡೂ ಎಲ್ಲ ಯಂತ್ರಗಳಿಗೂ ಒಂದೇ. ತಳದಲ್ಲಿದ್ದ ಬಯೋಸ್ ಮಾತ್ರ ಯಂತ್ರಕ್ಕೊಂದು.

ನಡುವಿನ ಭಾಗಕ್ಕೆ ಫ್ಲಾಪಿಯಿಂದ ಏನಾದರೂ ಓದಬೇಕಿದ್ದರೆ ಅದು ನೇರವಾಗಿ ಸರ್ಕ್ಯೂಟ್ ಮುಟ್ಟುವುದಿಲ್ಲ. ಬಯೋಸ್‌ನ ತಲೆಯಲ್ಲಿ ಒಂದು ಪಟ್ಟಿ ಇರುತ್ತದೆ: ಅಕ್ಷರ ಓದು, ಅಕ್ಷರ ತೋರಿಸು, ಡ್ರೈವ್ ಆರಿಸು, ಟ್ರ್ಯಾಕ್ ಹಿಡಿ, ಸೆಕ್ಟರ್ ಓದು, ಸೆಕ್ಟರ್ ಬರೆ. ಸಿಪಿ/ಎಂ 2.2 ಆವೃತ್ತಿಯ ಹೊತ್ತಿಗೆ ಆ ಪಟ್ಟಿಯಲ್ಲಿದ್ದದ್ದು ಕೇವಲ 17 ಕೆಲಸ. ಹೊಸ ಕಂಪ್ಯೂಟರ್ ತಯಾರಿಸಿದ ಕಂಪನಿ ಈ 17 ಕೆಲಸಗಳನ್ನು ತನ್ನ ಯಂತ್ರಕ್ಕೆ ತಕ್ಕಂತೆ ಬರೆದುಕೊಟ್ಟರೆ ಸಾಕು, ಉಳಿದ ಸಿಪಿ/ಎಂ ಅಕ್ಷರವೂ ಬದಲಾಗದೆ ಅದರ ಮೇಲೆ ಕೂರುತ್ತಿತ್ತು. ಹೇಗೆ ಬರೆಯಬೇಕೆಂದು ತೋರಿಸುವ ಮಾದರಿ ಬಯೋಸ್ ಒಂದನ್ನು ಡಿಜಿಟಲ್ ರಿಸರ್ಚ್ ತನ್ನ ಕೈಪಿಡಿಯಲ್ಲೇ ಅಚ್ಚು ಹಾಕಿ ಕೊಡುತ್ತಿತ್ತು. ಯಂತ್ರದ ಮೆಮೊರಿ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಸಿಸ್ಟಮ್ ಅನ್ನು ಹೊಂದಿಸಿಕೊಡಲು ಮೂವ್‌ಸಿಪಿಎಂ ಎಂಬ ಪುಟ್ಟ ಪ್ರೋಗ್ರಾಂ ಕೂಡ ಜತೆಗಿತ್ತು.

ಮೇಲಿನಿಂದ ಬರುವ ಪ್ರೋಗ್ರಾಂಗಳಿಗೂ ಇಂಥದ್ದೇ ಶಿಸ್ತು. ಪತ್ರ ಬರೆಯುವ ತಂತ್ರಾಂಶವಿರಲಿ, ಲೆಕ್ಕದ ತಂತ್ರಾಂಶವಿರಲಿ, ಮೆಮೊರಿಯ ಐದನೇ ವಿಳಾಸಕ್ಕೆ ಹೋಗಿ ತನಗೆ ಬೇಕಾದ ಕೆಲಸದ ಸಂಖ್ಯೆ ಹೇಳಬೇಕು. ಫೈಲ್ ತೆರೆಯಲು ಒಂದು ಸಂಖ್ಯೆ, ಮುಚ್ಚಲು ಇನ್ನೊಂದು. ಕೆಳಗೆ ಯಾವ ಕಂಪನಿಯ ಯಂತ್ರ ಇದೆ ಎಂಬ ಗೊಡವೆ ಪ್ರೋಗ್ರಾಂಗೆ ಬೇಕಾಗಿಲ್ಲ.

ಪರಿಣಾಮ ದೊಡ್ಡದಾಗಿತ್ತು. 1978ರಲ್ಲಿ ಬಂದ ವರ್ಡ್‌ಸ್ಟಾರ್, ಅದರ ಹಿಂದೆಯೇ ಬಂದ ಡಿಬೇಸ್ ಸಿಪಿ/ಎಂ ಮೇಲೆಯೇ ಬೆಳೆದವು. ನಮ್ಮ ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಮುಂದೆ ಡಾಸ್ ಮೇಲೆ ಇವೆರಡನ್ನೂ ಕಲಿತ ಒಂದು ಪೀಳಿಗೆಗೆ ಈ ಹೆಸರುಗಳು ಚೆನ್ನಾಗಿ ನೆನಪಿರುತ್ತವೆ. ತಂತ್ರಾಂಶ ಬರೆಯುವವರು ಒಂದು ಕಂಪ್ಯೂಟರ್ ಕಂಪನಿಯ ಹಂಗಿಗೆ ಬೀಳದೆ ಬದುಕಬಹುದು ಎಂದು ಮೈಕ್ರೋ ಕಂಪ್ಯೂಟರ್ ಲೋಕಕ್ಕೆ ಮೊದಲು ತೋರಿಸಿದ್ದು ಈ ಏರ್ಪಾಡು. 1980ರಲ್ಲಿ ಮೈಕ್ರೋಸಾಫ್ಟ್ ಕೂಡ ಆಪಲ್ 2 ಕಂಪ್ಯೂಟರ್‌ನಲ್ಲಿ ಸಿಪಿ/ಎಂ ನಡೆಸುವ ಕಾರ್ಡ್ ಒಂದನ್ನು ಮಾರಿತು. ಅದಕ್ಕೆ ಬೇಕಾದ ಸಿಪಿ/ಎಂ ಪರವಾನಗಿ ಪಡೆದದ್ದು ಕಿಲ್ಡಾಲ್ ಅವರಿಂದಲೇ.

ಎಲ್ಲ ಸಮಸ್ಯೆಯೂ ತೀರಿತು ಎಂದಲ್ಲ. ಪರದೆಯಲ್ಲಿ ಕರ್ಸರ್ ಅನ್ನು ಬೇಕಾದ ಜಾಗಕ್ಕೆ ಒಯ್ಯುವ ಕೆಲಸ ಬಯೋಸ್ ಪಟ್ಟಿಯಲ್ಲಿ ಇರಲಿಲ್ಲ. ಟರ್ಮಿನಲ್ ಕಂಪನಿಗಳು ಅದಕ್ಕೆ ತಮ್ಮದೇ ಸಂಕೇತಗಳನ್ನು ಬಳಸುತ್ತಿದ್ದವು. ಹೀಗಾಗಿ ವರ್ಡ್‌ಸ್ಟಾರ್ ಕೊಂಡವರು ಮೊದಲು ಅದರ ಇನ್‌ಸ್ಟಾಲ್ ಪ್ರೋಗ್ರಾಂ ನಡೆಸಿ, ತಮ್ಮ ಟರ್ಮಿನಲ್ ಯಾವುದು, ಪ್ರಿಂಟರ್ ಯಾವುದು ಎಂದು ಪಟ್ಟಿಯಿಂದ ಆರಿಸಬೇಕಿತ್ತು. ಐದೂಕಾಲು ಇಂಚಿನ ಫ್ಲಾಪಿಗಳು ಬಂದ ಮೇಲೆ ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ಬರೆದು, ಪ್ರೋಗ್ರಾಂ ಒಂದೇ ಆದರೂ ಒಬ್ಬರ ಫ್ಲಾಪಿ ಇನ್ನೊಬ್ಬರ ಯಂತ್ರದಲ್ಲಿ ಓದಲು ಬಾರದಂತಾಯಿತು. ಪಟ್ಟಿಯೊಳಗೆ ಬಂದದ್ದು ಎಲ್ಲೆಡೆ ನಡೆಯಿತು, ಪಟ್ಟಿಯ ಹೊರಗೆ ಉಳಿದದ್ದು ಎಲ್ಲರನ್ನೂ ಕಾಡಿತು.

ಐಬಿಎಂ ಬಾಗಿಲಿಗೆ ಬಂದ ದಿನ

1980ರಲ್ಲಿ ಐಬಿಎಂ ಗುಟ್ಟಾಗಿ ಪರ್ಸನಲ್ ಕಂಪ್ಯೂಟರ್ ಒಂದನ್ನು ತಯಾರಿಸುತ್ತಿತ್ತು. ಪ್ರೋಗ್ರಾಮಿಂಗ್ ಭಾಷೆಗಳಿಗಾಗಿ ಅದರ ಅಧಿಕಾರಿಗಳು ಮೈಕ್ರೋಸಾಫ್ಟ್‌ಗೆ ಹೋದರು. ಆಪರೇಟಿಂಗ್ ಸಿಸ್ಟಮ್ ಬೇಕೆಂದಾಗ ಬಿಲ್ ಗೇಟ್ಸ್ ಅವರನ್ನು ಡಿಜಿಟಲ್ ರಿಸರ್ಚ್‌ನತ್ತ ಕಳುಹಿಸಿದರು.

ಐಬಿಎಂ ತಂಡ ಪೆಸಿಫಿಕ್ ಗ್ರೋವ್‌ಗೆ ಬಂದ ಬೆಳಗ್ಗೆ ಕಿಲ್ಡಾಲ್ ತಮ್ಮ ಪುಟ್ಟ ವಿಮಾನದಲ್ಲಿ ಇನ್ನೊಬ್ಬ ಗ್ರಾಹಕರನ್ನು ಕಾಣಲು ಹೋಗಿದ್ದರು. ಮಾತುಕತೆಗೆ ಮೊದಲೇ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕೆಂದು ಐಬಿಎಂ ಪಟ್ಟು ಹಿಡಿಯಿತು. ಅದರ ಷರತ್ತುಗಳು ಏಕಪಕ್ಷೀಯವಾಗಿದ್ದವು, ಡೊರೊತಿ ಮತ್ತು ಕಂಪನಿಯ ವಕೀಲರು ಹಿಂಜರಿದರು. ಮಧ್ಯಾಹ್ನದ ಬಳಿಕ ಏನಾಯಿತು ಎಂಬ ಬಗ್ಗೆ ಅಲ್ಲಿದ್ದವರ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಪ್ಪಂದವಂತೂ ಆಗಲಿಲ್ಲ. ಕೋಟಿಗಟ್ಟಲೆ ಹಣದ ಅವಕಾಶ ಬಾಗಿಲಿಗೆ ಬಂದಾಗ ಕಿಲ್ಡಾಲ್ ಮೋಜಿಗೆ ವಿಮಾನ ಹಾರಿಸುತ್ತಿದ್ದರು ಎಂಬ ಕಟ್ಟುಕಥೆ ಮಾತ್ರ ಊರೆಲ್ಲ ಹಬ್ಬಿ, ಅವರನ್ನು ಕೊನೆಯವರೆಗೂ ಬೆನ್ನಟ್ಟಿತು.

ಅಸಲಿ ಪೆಟ್ಟು ಬಿದ್ದದ್ದು ಬೇರೆ ಕಡೆ. ಇಂಟೆಲ್ 8086 ಎಂಬ ಹೊಸ 16 ಬಿಟ್ ಚಿಪ್ ತಂದಿತ್ತು. ಅದಕ್ಕೆ ಬೇಕಾದ ಸಿಪಿ/ಎಂ-86 ಹೊರತರುವುದರಲ್ಲಿ ಡಿಜಿಟಲ್ ರಿಸರ್ಚ್ ತಡಮಾಡಿತು. ಸಿಯಾಟಲ್‌ನ ಒಂದು ಸಣ್ಣ ಕಂಪನಿ ಆ ಚಿಪ್‌ನ ಬೋರ್ಡ್‌ಗಳನ್ನು ಆಗಲೇ ಮಾರುತ್ತಿತ್ತು, ಅದರ ಮೇಲೆ ಓಡಿಸಲು ಆಪರೇಟಿಂಗ್ ಸಿಸ್ಟಮ್ ಇರಲಿಲ್ಲ. ಕಾದು ಬೇಸತ್ತು ಅಲ್ಲಿನ ಎಂಜಿನಿಯರ್ ಟಿಮ್ ಪ್ಯಾಟರ್ಸನ್ 1980ರಲ್ಲಿ ಕೆಲವೇ ತಿಂಗಳಲ್ಲಿ ತಾವೇ ಒಂದನ್ನು ಬರೆದರು.

ಸಿಪಿ/ಎಂ ಮೇಲಿನ ಪ್ರೋಗ್ರಾಂಗಳು ಹೊಸ ಚಿಪ್‌ಗೆ ಸುಲಭವಾಗಿ ದಾಟಿ ಬರಬೇಕು ಎಂಬುದು ಪ್ಯಾಟರ್ಸನ್ ಅವರ ಗುರಿ. 8080ಕ್ಕೆ ಬರೆದ ಸೂಚನೆಗಳನ್ನು 8086ಕ್ಕೆ ಅನುವಾದಿಸುವ ಸಾಧನವನ್ನು ಇಂಟೆಲ್ ಕೊಟ್ಟಿತ್ತು. ಉಳಿದದ್ದು ಆಪರೇಟಿಂಗ್ ಸಿಸ್ಟಮ್‌ಗೆ ಪ್ರೋಗ್ರಾಂಗಳು ಸಲ್ಲಿಸುವ ಬೇಡಿಕೆ. ಅದಕ್ಕೆ ಪ್ಯಾಟರ್ಸನ್ ಸಿಪಿ/ಎಂನ ಅದೇ ಸಂಖ್ಯೆಗಳನ್ನು, ಅದೇ ಅರ್ಥದಲ್ಲಿ ಇಟ್ಟುಕೊಂಡರು. ಫೈಲ್‌ಗಳನ್ನು ಡಿಸ್ಕ್ ಮೇಲೆ ಜೋಡಿಸುವ ರೀತಿ ಮಾತ್ರ ಬೇರೆ ಮಾಡಿದರು. ಮೈಕ್ರೋಸಾಫ್ಟ್ ಇದನ್ನು ಕೊಂಡುಕೊಂಡು ಐಬಿಎಂಗೆ ಕೊಟ್ಟಿತು.

ಕಿಲ್ಡಾಲ್ ಅವರ ಬದುಕಿನ ವಿಪರ್ಯಾಸ ಇರುವುದು ಇಲ್ಲೇ. ಪ್ರೋಗ್ರಾಂಗಳು ಯಂತ್ರದ ಹಂಗಿಲ್ಲದೆ ಬದುಕಲಿ ಎಂದು ಅವರು ನಡುವೆ ಒಂದು ಪಟ್ಟಿ ಇಟ್ಟರು. ಪಟ್ಟಿಯ ಕೆಳಗಿನ ಯಂತ್ರವನ್ನು ಯಾರು ಬೇಕಾದರೂ ಬದಲಾಯಿಸಬಹುದಿತ್ತು. ಅದೇ ನ್ಯಾಯದಲ್ಲಿ ಪಟ್ಟಿಗೆ ಉತ್ತರ ಕೊಡುವ ಆಪರೇಟಿಂಗ್ ಸಿಸ್ಟಮ್ ಅನ್ನೂ ಬದಲಾಯಿಸಬಹುದು ಎಂದಾಯಿತು. ಅದೇ ಸಂಖ್ಯೆಗೆ ಅದೇ ಉತ್ತರ ಸಿಕ್ಕರೆ, ಒಳಗಿರುವುದು ಸಿಪಿ/ಎಂ ಹೌದೋ ಅಲ್ಲವೋ ಎಂದು ಯಾವ ಪ್ರೋಗ್ರಾಂ ಕೇಳುತ್ತದೆ? ಕಂಪ್ಯೂಟರ್ ಕಂಪನಿಗಳ ಏಕಸ್ವಾಮ್ಯ ಮುರಿದ ಉಪಾಯವೇ ಅದರ ಕರ್ತೃವಿನ ಕಂಪನಿಯನ್ನೂ ಬದಿಗೆ ಸರಿಸಿತು.

240 ಡಾಲರ್ ಮತ್ತು 40 ಡಾಲರ್

ಐಬಿಎಂ ಪಿಸಿ 1981ರ ಆಗಸ್ಟ್ 12ರಂದು ಬಿಡುಗಡೆಯಾಯಿತು. ಅದರ ಡಾಸ್ ನೋಡಿದ ಕಿಲ್ಡಾಲ್ ಅವರಿಗೆ ತಮ್ಮ ಸಿಪಿ/ಎಂನ ಮುಖವೇ ಕಂಡಿತು. ಮೊಕದ್ದಮೆ ಹೂಡುವ ಯೋಚನೆ ಬಂತು. ಆದರೆ ತಂತ್ರಾಂಶಕ್ಕೆ ಹಕ್ಕುಸ್ವಾಮ್ಯದ ಕಾನೂನು ಆಗಿನ್ನೂ ಎಳೆಯದು, ಎದುರಿಗಿದ್ದದ್ದು ಐಬಿಎಂ. ಕೊನೆಗೆ ರಾಜಿಯಾಯಿತು: ಡಾಸ್ ಜತೆಗೆ ಸಿಪಿ/ಎಂ-86 ಅನ್ನೂ ಐಬಿಎಂ ಮಾರಬೇಕು, ಕಿಲ್ಡಾಲ್ ಕೋರ್ಟಿಗೆ ಹೋಗಬಾರದು.

ಗ್ರಾಹಕರು ಅಂಗಡಿಗೆ ಹೋದಾಗ ಕಂಡ ಬೆಲೆ ಬೇರೆಯದೇ ಕಥೆ ಹೇಳಿತು. ಡಾಸ್‌ಗೆ 40 ಡಾಲರ್, ಸಿಪಿ/ಎಂ-86ಕ್ಕೆ 240 ಡಾಲರ್. ಅದೂ ಸಿಪಿ/ಎಂ-86 ಕೈಗೆ ಸಿಕ್ಕಿದ್ದು 1982ರಲ್ಲಿ. ಸ್ಪರ್ಧೆ ಶುರುವಾಗುವ ಮೊದಲೇ ಮುಗಿದಂತಾಗಿತ್ತು.

ಸಿಪಿ/ಎಂನ ಮೂಲ ಕೋಡ್ ತಾವು ನೋಡಿಯೇ ಇಲ್ಲ ಎಂದು ಪ್ಯಾಟರ್ಸನ್ ಹೇಳುತ್ತಲೇ ಬಂದಿದ್ದಾರೆ. ಹೊರಗಿನ ಪಟ್ಟಿ ಒಂದೇ ಆಗಿದ್ದ ಮಾತ್ರಕ್ಕೆ ಒಳಗಿನ ಕೋಡ್ ಕದ್ದದ್ದು ಎನ್ನಲಾಗದು ಎಂಬುದು ತಂತ್ರಜ್ಞರಿಗೆ ಗೊತ್ತಿರುವ ಮಾತು. ಆದರೆ ಪಟ್ಟಿಯನ್ನು ಯೋಚಿಸಿ ರೂಪಿಸಿದವರ ಶ್ರಮಕ್ಕೆ ಬೆಲೆ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಸಾಫ್ಟ್‌ವೇರ್ ಕಂಪನಿಗಳ ನಡುವೆ ಇಂಥ ಪಟ್ಟಿಗಳ ಒಡೆತನದ ಜಗಳ ಆಮೇಲೆಯೂ ಕೋರ್ಟ್ ಮೆಟ್ಟಿಲು ಹತ್ತಿದೆ.

ಕಿಲ್ಡಾಲ್ ಕೈಕಟ್ಟಿ ಕೂರಲಿಲ್ಲ. ಹಳೆಯ 8080 ಪ್ರೋಗ್ರಾಂಗಳನ್ನು 8086ಕ್ಕೆ ತಿರುಗಿಸುವ ಎಕ್ಸ್‌ಎಲ್‌ಟಿ86 ಎಂಬ ಸಾಧನವನ್ನು ಅವರು 1981ರಲ್ಲಿ ಹೊರತಂದರು. ಸಾಲಿಗೆ ಸಾಲು ಅನುವಾದಿಸುವ ಬದಲು, ತಮ್ಮ ಪಿಎಚ್‌ಡಿ ದಿನಗಳ ವಿಧಾನ ಬಳಸಿ ಮೌಲ್ಯಗಳ ಹರಿವನ್ನು ಪತ್ತೆಹಚ್ಚಿ, ಬೇಡದ ಸೂಚನೆಗಳನ್ನು ಬಿಟ್ಟು ಬರೆಯುವಂತೆ ಅದನ್ನು ರೂಪಿಸಿದ್ದರು. ಕಿಟಕಿಗಳು ಮತ್ತು ಚಿತ್ರಗಳಿರುವ ಪರದೆಯನ್ನು ಪಿಸಿಗೆ ತಂದ ಜೆಮ್, ಮೈಕ್ರೋಸಾಫ್ಟ್‌ನ ಡಾಸ್‌ಗೇ ಪೈಪೋಟಿ ಕೊಟ್ಟ ಡಿಆರ್-ಡಾಸ್ ಡಿಜಿಟಲ್ ರಿಸರ್ಚ್‌ನಿಂದಲೇ ಬಂದವು. ಈ ಬಾರಿ ಪಾತ್ರ ಅದಲುಬದಲು: ಡಾಸ್ ಕೇಳುವ ಪ್ರೋಗ್ರಾಂಗಳಿಗೆ ಡಾಸ್‌ನಂತೆಯೇ ಉತ್ತರಿಸಿ ನಡೆಸಿದ್ದು ಕಿಲ್ಡಾಲ್ ಕಟ್ಟಿದ ಕಂಪನಿ. 1991ರಲ್ಲಿ ಕಂಪನಿಯನ್ನು ನೋವೆಲ್ ಕೊಂಡುಕೊಂಡಿತು.

ಟಿವಿಯಲ್ಲಿ ನಗುಮುಖ, ಒಳಗೆ ನೋವು

ಅಮೆರಿಕದ ಟಿವಿ ವೀಕ್ಷಕರಿಗೆ ಕಿಲ್ಡಾಲ್ ಪರಿಚಿತ ಮುಖ. ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಸಾಪ್ತಾಹಿಕ ಕಾರ್ಯಕ್ರಮದಲ್ಲಿ ನಿರೂಪಕ ಸ್ಟೂವರ್ಟ್ ಶೈಫೆ ಜತೆ ಅವರು 1990ರವರೆಗೆ ಕಾಣಿಸಿಕೊಂಡರು. ಪ್ರತಿಸ್ಪರ್ಧಿ ಕಂಪನಿಗಳ ಸರಕನ್ನೂ ಅಸೂಯೆ ಇಲ್ಲದೆ ವಿವರಿಸುತ್ತಿದ್ದರು. 1985ರಲ್ಲಿ ಅವರ ಇನ್ನೊಂದು ಕಂಪನಿ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿ-ರಾಮ್‌ಗೆ ತಂದಿತು. ಹಲವು ಸಂಪುಟಗಳ ಪುಸ್ತಕ ಒಂದು ತಟ್ಟೆಯೊಳಗೆ ಸೇರಿ, ಬೇಕಾದ ಪದವನ್ನು ಹುಡುಕಲು ಸಾಧ್ಯವಾದದ್ದು ಆಗ ದೊಡ್ಡ ಬೆರಗು.

ಆದರೆ ಖಾಸಗಿ ಬದುಕು ಸಡಿಲವಾಗುತ್ತಿತ್ತು. ಡೊರೊತಿ ಅವರಿಂದ ವಿಚ್ಛೇದನವಾಗಿತ್ತು. ಎರಡನೇ ಮದುವೆಯೂ ಬಾಳಲಿಲ್ಲ. ಹಣಕ್ಕೆ ಕೊರತೆ ಇರಲಿಲ್ಲ, ಎಲ್ಲಿ ಹೋದರೂ ಐಬಿಎಂ ಮತ್ತು ವಿಮಾನದ ಅದೇ ಪ್ರಶ್ನೆ ಮಾತ್ರ ಎದುರಾಗುತ್ತಿತ್ತು. ಕುಡಿತ ಹೆಚ್ಚಾಯಿತು.

1992ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ 25ನೇ ವರ್ಷಾಚರಣೆಗೆ ಕಿಲ್ಡಾಲ್ ಅವರಿಗೂ ಆಹ್ವಾನ ಬಂತು. ಅವರು ಅಲ್ಲಿಂದಲೇ ಪಿಎಚ್‌ಡಿ ಪಡೆದವರು. ಆದರೆ ಮುಖ್ಯ ಭಾಷಣಕ್ಕೆ ವಿಶ್ವವಿದ್ಯಾಲಯ ಕರೆದದ್ದು ಬಿಲ್ ಗೇಟ್ಸ್ ಅವರನ್ನು. ಆ ನೋವಿನಲ್ಲೇ ಅವರು ಆತ್ಮಕಥೆ ಬರೆಯಲು ಕುಳಿತರು. ಕರಡು ಪ್ರತಿಗಳನ್ನು ಹತ್ತಿರದವರಿಗೆ ಹಂಚಿದರು. ಬದುಕಿರುವಾಗ ಅದು ಅಚ್ಚಾಗಲಿಲ್ಲ.

1994ರ ಜುಲೈ 8ರಂದು ಮಾಂಟೆರೆಯ ಬಾರ್ ಒಂದರಲ್ಲಿ ಅವರ ತಲೆಗೆ ಪೆಟ್ಟಾಯಿತು. ಮೂರು ದಿನಗಳ ಬಳಿಕ, ಜುಲೈ 11ರಂದು, 52ನೇ ವಯಸ್ಸಿನಲ್ಲಿ ತೀರಿಕೊಂಡರು.

ಉಳಿದದ್ದು ಏನು?

ಮನ್ನಣೆ ತಡವಾಗಿ ಬಂತು. 2014ರ ಏಪ್ರಿಲ್‌ನಲ್ಲಿ ಪೆಸಿಫಿಕ್ ಗ್ರೋವ್‌ನ ಲೈಟ್‌ಹೌಸ್ ಅವೆನ್ಯೂದ 801ನೇ ಸಂಖ್ಯೆಯ ಕಟ್ಟಡದ ಎದುರು ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇ ಸ್ಮಾರಕ ಫಲಕ ಇಟ್ಟಿತು. ಒಂದು ಕಾಲದಲ್ಲಿ ಡಿಜಿಟಲ್ ರಿಸರ್ಚ್ ನಡೆದದ್ದು ಆ ಹಳೆಯ ಮನೆಯಲ್ಲೇ. ಸಿಪಿ/ಎಂ ಮತ್ತು ಬಯೋಸ್ ಎರಡರ ಹೆಸರೂ ಫಲಕದಲ್ಲಿದೆ. ಅದೇ ವರ್ಷ ಸಿಪಿ/ಎಂನ ಆರಂಭಿಕ ಆವೃತ್ತಿಗಳ ಮೂಲ ಕೋಡ್ ಅನ್ನು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಸಾರ್ವಜನಿಕರಿಗೆ ತೆರೆದಿಟ್ಟಿತು. 2016ರಲ್ಲಿ ಕುಟುಂಬದ ಒಪ್ಪಿಗೆಯೊಂದಿಗೆ ಆತ್ಮಕಥೆಯ ಮೊದಲ ಭಾಗವೂ ಅಲ್ಲಿಂದಲೇ ಹೊರಬಂತು. ನಂತರದ ಅಧ್ಯಾಯಗಳು ಕುಡಿತದ ದಿನಗಳ ಕಹಿಯಿಂದ ಕೂಡಿವೆ, ಅವು ತಂದೆಯ ನಿಜವಾದ ಸ್ವಭಾವ ತೋರಿಸುವುದಿಲ್ಲ ಎಂದು ಮಕ್ಕಳು ಅವನ್ನು ತಡೆಹಿಡಿದರು.

ವಿಂಡೋಸ್ ಕಂಪ್ಯೂಟರ್‌ನಲ್ಲಿ ಇಂದಿಗೂ ಡಿಸ್ಕ್‌ಗೆ ಸಿ ಎಂಬ ಅಕ್ಷರ ಇರುತ್ತದೆ. ಎ ಮತ್ತು ಬಿ ಅಕ್ಷರಗಳು ಫ್ಲಾಪಿಗೆ ಮೀಸಲಾಗಿದ್ದವು. ಡ್ರೈವ್‌ಗಳನ್ನು ಹೀಗೆ ಅಕ್ಷರದಿಂದ ಕರೆಯುವ ರೂಢಿ ಪಿಸಿಗೆ ಬಂದದ್ದು ಸಿಪಿ/ಎಂನಿಂದ. ಫ್ಲಾಪಿ ಹೋಗಿ ವರ್ಷಗಳಾದವು, ಅಕ್ಷರ ಉಳಿದಿದೆ.

ಅದಕ್ಕಿಂತ ಆಳವಾಗಿ ಉಳಿದಿರುವುದು ಆ ಕೆಲಸದ ಕ್ರಮ. ಹೊಸ ಸಿಸ್ಟಮ್‌ಗೆ ತಂತ್ರಾಂಶ ಒಗ್ಗಿಸಲು ಕೂರುವ ಯಾವುದೇ ತಂಡ ಇಂದು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಇದರಲ್ಲಿ ಯಂತ್ರಕ್ಕೆ ಅಂಟಿಕೊಂಡ ಭಾಗ ಎಷ್ಟು ಎಂಬುದು. ಅದನ್ನು ಬೇರ್ಪಡಿಸಿ ಒಂದು ಕಡೆ ಇಡುತ್ತಾರೆ, ಉಳಿದದ್ದನ್ನು ಮುಟ್ಟುವುದಿಲ್ಲ. 1976ರಲ್ಲಿ ಇಮ್ಸಾಯ್ ಯಂತ್ರಕ್ಕಾಗಿ ಮತ್ತೊಮ್ಮೆ ಎಲ್ಲ ತಿದ್ದಲು ಬೇಸರಪಟ್ಟ ಮಾಂಟೆರೆಯ ಮೇಷ್ಟ್ರು ಮಾಡಿದ್ದೂ ಅದನ್ನೇ. ಬಿಲ್ಡ್ ಗುಂಡಿ ಒತ್ತಿ, ಮೂರು ಸಿಸ್ಟಮ್‌ಗಳ ಫೈಲ್ ಸಿದ್ಧವಾಗುವವರೆಗೆ ಚಹಾ ಕುಡಿದು ಬರುವ ಎಂಜಿನಿಯರ್‌ಗೆ ಕಿಲ್ಡಾಲ್ ಹೆಸರು ಗೊತ್ತಿಲ್ಲದೇ ಇರಬಹುದು. ಆ ಬಿಡುವಿನ ಒಂದು ಪಾಲು ಅವರ ಲೆಕ್ಕಕ್ಕೇ ಸೇರಬೇಕು.